ಬೇಸಿಗೆಯ ಗಾನಯಾತ್ರೆ

ನಮ್ಮ ಜನರು ಬೇಸಿಗೆಯಲ್ಲಿ ಯಾತ್ರೆ ಹೊರಡುವುದಕ್ಕೆ ಕಾರಣಗಳು ಹಲವು. ಕೆಲವರು ಪುಣ್ಯಕ್ಷೇತ್ರಗಳ ದರ್ಶನಕ್ಕೆ ಹೋಗುವರು. ಕೆಲವರು ಬಿಸಿಲಿನ ಬೇಗೆಯನ್ನು ತಾಳಲಾರದೆ ಮಲೆನಾಡಿನ ತಂಪನ್ನು ಅರಸಿ ಹೋಗುವರು. ಮಕ್ಕಳಿಗೆ ರಜವೆಂದು ಅಜ್ಜನ ಮನೆಗೆ ಹೊರಡುವವರಂತೂ ಅಸಂಖ್ಯಾತರು. ಕೇವಲ ಕಿವಿಯ ಸುಖಕ್ಕಾಗಿ ಊರೂರು ತಿರುಗುವವರೂ ಕೆಲವರುಂಟೆಂದರೆ ವಾಚಕರು ನಗಬಾರದು. ಆ ಪಂಗಡಕ್ಕೆ ಸೇರಿದವನು ನಾನು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹುಡುಗರಿಗೆ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸಿ, ಈಗ ನಿವೃತ್ತನಾಗಿ ಮೈಸೂರಿನಲ್ಲಿ ನೆಲಸಿದ್ದೇನೆ. ವೀಣೆಯನ್ನು ಬಾಲ್ಯದಿಂದಲೂ ತಕ್ಕಮಟ್ಟಿಗೆ ಅಭ್ಯಾಸ ಮಾಡಿದವನು. ಸಭೆಯಲ್ಲಿ ನುಡಿಸುವಷ್ಟು ವಿದ್ಯೆಯಿಲ್ಲ. ನುಡಿಸದೆ ಇರುವಷ್ಟು ವೈರಾಗ್ಯವೂ ಇಲ್ಲ.

ಕಳೆದ ಬೇಸಿಗೆಯ ನನ್ನ ಯಾತ್ರೆಗೆ ಮೂರು ಉದ್ದೇಶಗಳಿದ್ದವು: ಕೇಳುವುದು, ಕೂಡಿ ನುಡಿಸುವುದು, ಕೆಲವು ಹಾಡುಗಳನ್ನು ಧ್ವನಿಮುದ್ರಣ ಮಾಡಿಕೊಳ್ಳುವುದು. ಇವುಗಳಲ್ಲಿ ಮೂರನೆಯದು ತಡೆಯಲಾರದ ಕೆಲಸವಾಗಿತ್ತು. ನನ್ನ ಅಕ್ಕನಿಗೆ ಎಪ್ಪತ್ತೆಂಟು ವರ್ಷ. ಹಾಸನ ಜಿಲ್ಲೆಯಲ್ಲಿ ಕಾವೇರಿಯ ದಡದ ಒಂದು ಗ್ರಾಮಕ್ಕೆ ಆಕೆಯನ್ನು ಕೊಟ್ಟಿದೆ. ನಮ್ಮ ತಾಯಿ ಹೇಳುತ್ತಿದ್ದ ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಉರುಟಣೆಯ ಹಾಡು, ತೊಟ್ಟಿಲ ಹಾಡು ಇವೆಲ್ಲವೂ ಆಕೆಯ ಬಾಯಲ್ಲಿ ಮಾತ್ರ ಉಳಿದಿದ್ದವು. ಯಾವುದನ್ನೂ ಬರೆದಿಟ್ಟ ಪುಸ್ತಕವಿಲ್ಲ. ಮಾಘಮಾಸದಲ್ಲಿ ಆಕೆಯನ್ನು ಪರೀಕ್ಷಿಸಿದ ವೈದ್ಯರು, ಮರೆವಿನ ವ್ಯಾಧಿ ಮೊದಲಾಗಿದೆಯೆಂದೂ ಅದು ಕ್ರಮೇಣ ಹೆಚ್ಚುವುದೆಂದೂ ತಿಳಿಸಿದರು. ಮನೆಗೆ ಬೆಂಕಿ ಬಿದ್ದರೆ ಪೆಟ್ಟಿಗೆಯನ್ನು ಹೊರಕ್ಕೆ ತರುವೆವು. ಮನಸ್ಸಿನೊಳಗಿನ ಭಂಡಾರವನ್ನು ಹೊರಕ್ಕೆ ತರುವ ಬಗೆ ಯಾವುದು?

ಮೊದಲು ಬೆಂಗಳೂರಿಗೆ ಹೋದೆನು. ರಾಮನವಮಿಯ ಕಾಲದಲ್ಲಿ ಆ ನಗರದ ಬಡಾವಣೆ ಬಡಾವಣೆಯಲ್ಲಿಯೂ ಸಂಗೀತ ನಡೆಯುವುದು. ಇವುಗಳಲ್ಲಿ ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಲಿಯ ಉತ್ಸವವು ಪ್ರಖ್ಯಾತವಾದುದು. 1939ರಲ್ಲಿ ಎಸ್. ವಿ. ನಾರಾಯಣಸ್ವಾಮಿರಾಯರು ಇದನ್ನು ಆರಂಭಿಸಿದರು. ಕೋಟೆ ಹೈಸ್ಕೂಲಿನ ಮೈದಾನದ ಚಪ್ಪರದಲ್ಲಿ ಹಾಡದ ದೊಡ್ಡ ವಿದ್ವಾಂಸರು ವಿರಳವೆಂದೇ ಹೇಳಬೇಕು. ಸಮೀಪದಲ್ಲಿಯೇ ದೊಡ್ಡ ಮಾರುಕಟ್ಟೆ. ವಾಹನಗಳ ಕೂಗಿಗೆ ಮಿತಿಯಿಲ್ಲ. ಆದರೆ ತಂಬೂರಿಯ ಶ್ರುತಿ ಕೂಡಿ, ಗಾಯಕರು ಷಡ್ಜದಲ್ಲಿ ನಿಂತರೆಂದರೆ ಆ ಗದ್ದಲವು ಎಲ್ಲಿ ಹೋಗುವುದೋ ತಿಳಿಯದು.

ನಾನು ಆ ಊರಿನಲ್ಲಿ ಹತ್ತು ಸಂಜೆಗಳನ್ನು ಕಳೆದೆನು. ಕಚೇರಿಯನ್ನು ಕೇಳುವುದೊಂದು ಸುಖ. ಕೇಳುವವರನ್ನು ನೋಡುವುದು ಮತ್ತೊಂದು. ನನ್ನ ಮುಂದಿನ ಸಾಲಿನಲ್ಲಿ ಒಬ್ಬ ವೃದ್ಧರು ಪ್ರತಿದಿನವೂ ಚಿಕ್ಕ ಪುಸ್ತಕವೊಂದನ್ನು ತಂದು, ರಾಗ ತಾಳಗಳನ್ನು ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುತ್ತಿದ್ದರು. ಅವರ ಪಕ್ಕದ ಮಹಿಳೆಯು ತೊಡೆಯ ಮೇಲೆ ತಾಳ ಹಾಕುತ್ತ, ತನಿ ಆವರ್ತನವು ಎಷ್ಟು ಸುತ್ತು ಬಳಸಿ ಬಂದರೂ ಒಂದು ಅಕ್ಷರವನ್ನೂ ತಪ್ಪುತ್ತಿರಲಿಲ್ಲ. ತರುಣರು ಅನೇಕರು ಮೊಬೈಲನ್ನು ಎತ್ತಿ ಹಿಡಿದು ಕಚೇರಿಯನ್ನು ಮುದ್ರಿಸಿಕೊಳ್ಳುವ ಆತುರದಲ್ಲಿದ್ದರು. ತೋಡಿಯ ಆಲಾಪನೆಯು ಉತ್ತುಂಗಕ್ಕೇರಿದಾಗ ಅವರಲ್ಲೊಬ್ಬ ಹುಡುಗನು ತನಗೆ ತಿಳಿಯದಂತೆಯೇ ಕೈಯನ್ನು ಕೆಳಗಿಳಿಸಿ, ಕಣ್ಣು ಮುಚ್ಚಿ ಕುಳಿತುಬಿಟ್ಟನು. ಆ ಹೊತ್ತು ಅವನ ಯಂತ್ರವು ಚಪ್ಪರದ ನೆಲವನ್ನೇ ಚಿತ್ರಿಸಿರಬೇಕು. ಅವನಿಗೆ ನಷ್ಟವೇನೂ ಆಗಲಿಲ್ಲ.

ಧ್ವನಿಯನ್ನು ಹಿಡಿದಿಡುವ ಆಸೆ ನಮ್ಮ ದೇಶದಲ್ಲಿ ಹೊಸತಲ್ಲ. 1902ರಲ್ಲಿ ಗ್ರಾಮಫೋನ್ ಕಂಪೆನಿಯವರು ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಪ್ರಸಿದ್ಧ ಗಾಯಕಿಯ ಹಾಡುಗಳನ್ನು ಮುದ್ರಿಸಿಕೊಂಡರು. ತಟ್ಟೆಯ ಒಂದು ಮುಖಕ್ಕೆ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಗಾನ. ಗಂಟೆಗಟ್ಟಲೆ ವಿಸ್ತರಿಸಬಲ್ಲ ರಾಗವನ್ನು ಆಕೆ ಆ ಮೂರು ನಿಮಿಷದೊಳಗೆ ಅಡಗಿಸಿ, ಕೊನೆಯಲ್ಲಿ ತನ್ನ ಹೆಸರನ್ನೂ ಗಟ್ಟಿಯಾಗಿ ಹೇಳುತ್ತಿದ್ದಳು. ಈಕೆಗೂ ನಮ್ಮ ಮೈಸೂರಿಗೂ ಸಂಬಂಧವುಂಟು: 1928ರಲ್ಲಿ ಆಸ್ಥಾನದ ಆಶ್ರಯಕ್ಕೆ ಬಂದು, 1930ರಲ್ಲಿ ಈ ಊರಿನಲ್ಲಿಯೇ ತೀರಿಕೊಂಡಳು. ಅನಂತರ 1935ರಲ್ಲಿ ಮಹಾರಾಜಾ ಕಾಲೇಜಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ ಎಂಬ ಹೆಸರಿನಿಂದ ಬಾನುಲಿಯನ್ನು ನಡೆಸಿದರು. ಅಂದು ಕಂಪೆನಿಗಳಿಗೂ ಪಂಡಿತರಿಗೂ ಮಾತ್ರ ಸಾಧ್ಯವಾಗಿದ್ದ ಕೆಲಸವನ್ನು ಇಂದು ಶಾಲೆಯ ಹುಡುಗಿಯೊಬ್ಬಳು ಅಂಗೈಯಗಲದ ಯಂತ್ರದಿಂದ ಮಾಡಬಲ್ಲಳು. ಆದರೆ ಯಂತ್ರದ ಮುಂದೆ ಹಾಡು ತಾನಾಗಿ ಬಂದು ಕೂರುವುದೇ? ಅದೇ ಮುಂದಿನ ಕಥೆ.

ವೈಶಾಖದಲ್ಲಿ ವೀಣೆಯೊಡನೆ ಅಕ್ಕನ ಊರಿಗೆ ಹೊರಟೆನು. ಬೇಸಿಗೆಯಲ್ಲಿ ವೀಣೆಯನ್ನು ಸಾಗಿಸುವುದು ಎಳೆಗೂಸನ್ನು ಸಾಗಿಸಿದಂತೆ. ಅದರ ಇಪ್ಪತ್ತನಾಲ್ಕು ಮೆಟ್ಟಿಲುಗಳು ನಿಂತಿರುವುದು ಮೇಣದ ಮೇಲೆ. ಬಿಸಿಲು ಬಡಿದರೆ ಮೇಣವು ಮೆತ್ತಗಾಗುವುದು. ಮೆಟ್ಟಿಲು ಒಂದು ಎಳ್ಳಿನಷ್ಟು ಸರಿದರೂ ಸ್ವರವು ಅಪಸ್ವರವಾಗುವುದು. ಆದುದರಿಂದ ಬೆಳಕು ಹರಿಯುವ ಮೊದಲೇ ಬಸ್ಸು ಹತ್ತಿ, ವೀಣೆಯನ್ನು ಹತ್ತಿಯ ಹಾಸಿಗೆಯಲ್ಲಿ ಸುತ್ತಿ, ಬಿಸಿಲೇರುವ ವೇಳೆಗೆ ಅಕ್ಕನ ಮನೆಯ ನಡುಮನೆಯನ್ನು ಸೇರಿಸಿದೆನು. ದಾರಿಯ ಹೊಲಗಳಲ್ಲಿ ಹೊಗೆಸೊಪ್ಪಿನ ಸಸಿಮಡಿಗಳಿಗೆ ನೀರು ಹನಿಸುತ್ತಿದ್ದರು. ಕಾವೇರಿಯು ಕೃಶಳಾಗಿ, ಬಂಡೆಗಳ ನಡುವೆ ಎರಡು ಮೂರು ಕವಲಾಗಿ ಹರಿಯುತ್ತಿದ್ದಳು.

ಆ ಸೀಮೆಯು ಸಂಗೀತಕ್ಕೆ ಹೆಸರಾದುದು. ರಾಮನಾಥಪುರಕ್ಕೆ ಸಮೀಪದ ರುದ್ರಪಟ್ಟಣವು ಚಿಕ್ಕ ಗ್ರಾಮವಾದರೂ ಅಲ್ಲಿಂದ ಬಂದ ವಿದ್ವಾಂಸರು ಅನೇಕರು. 1920ರಲ್ಲಿ ಅಲ್ಲಿ ಜನಿಸಿ 2014ರವರೆಗೆ ಬಾಳಿದ ಆರ್. ಕೆ. ಶ್ರೀಕಂಠನ್ ಅವರನ್ನು ಅರಿಯದ ಸಂಗೀತಪ್ರಿಯರುಂಟೆ? ಆ ಊರಿನವರೇ ಆದ ವಿದ್ವಾನ್ ಆರ್. ಕೆ. ಪದ್ಮನಾಭ ಅವರ ಶ್ರಮದಿಂದ ಅಲ್ಲಿ ತಂಬೂರಿಯ ಆಕಾರದ ಒಂದು ಮಂದಿರವು ಎದ್ದಿರುವುದು. ದೂರದಿಂದ ನೋಡಿದರೆ, ಯಾರೋ ಮಹಾಗಾಯಕನು ತನ್ನ ತಂಬೂರಿಯನ್ನು ನೆಲಕ್ಕೂರಿ ಸ್ನಾನಕ್ಕೆ ನದಿಗೆ ಇಳಿದಿರುವನೋ ಎಂಬಂತೆ ತೋರುವುದು.

ಅಕ್ಕನ ಮನೆಯ ಜಗಲಿಯಲ್ಲಿ ಸಂಜೆಗೊಮ್ಮೆ ನಮ್ಮ ಕೂಟ ಸೇರುತ್ತಿತ್ತು. ನಿವೃತ್ತರಾದ ಪೋಸ್ಟ್‌ಮಾಸ್ಟರೊಬ್ಬರು ಮೃದಂಗ ತರುವರು; ಹೊಲದಿಂದ ಬಂದು ಕೈಕಾಲು ತೊಳೆದ ಗೌಡರೊಬ್ಬರು ಭಜನೆಯ ಮಂದಿರದ ಹಾರ್ಮೋನಿಯಂ ಹೊರಿಸಿಕೊಂಡು ಬರುವರು; ಇಬ್ಬರು ಮೂವರು ಮಕ್ಕಳು ತಾಳ ಹಿಡಿಯುವರು. ವೇದಿಕೆಯಿಲ್ಲ, ಟಿಕೆಟ್ಟಿಲ್ಲ, ಮುಂದೆ ಏನು ಹಾಡಬೇಕೆಂಬ ನಿರ್ಣಯವೂ ಇಲ್ಲ. ಒಬ್ಬರು ಎತ್ತಿಕೊಂಡುದನ್ನು ಉಳಿದವರು ಅನುಸರಿಸುವರು. ಅನುಸರಿಸಲಾರದವರು ಶ್ರುತಿ ಹಿಡಿದು ಸುಮ್ಮನಿರುವರು. ಕೂಟದಲ್ಲಿ ಒಂದೇ ಒಂದು ನಿಯಮ: ಯಾರ ಕಂಠವು ಎಲ್ಲರಿಗಿಂತಲೂ ಕುಗ್ಗಿದುದೋ ಅವರಿಗೆ ಒಗ್ಗುವ ಶ್ರುತಿಯೇ ಆ ದಿನದ ಶ್ರುತಿ. ಹೀಗಾಗಿ ನನ್ನ ವೀಣೆಯ ತಂತಿಗಳನ್ನು ದಿನವೂ ಅಕ್ಕನ ಕಂಠಕ್ಕೆ ಇಳಿಸಬೇಕಾಗುತ್ತಿತ್ತು. ದೊಡ್ಡ ಸಭೆಗಳಲ್ಲಿ ಪ್ರಬಲರಿಗೆ ಪಕ್ಕದವರು ಶ್ರುತಿ ಸೇರಿಸುವರು. ಇಲ್ಲಿ ದುರ್ಬಲರಿಗೆ ಪ್ರಬಲರು ಸೇರಿಸುವರು. ಮನೆಯ ಸಂಗೀತಕ್ಕೂ ಸಭೆಯ ಸಂಗೀತಕ್ಕೂ ಇರುವ ಭೇದವನ್ನು ನಾನು ಇಷ್ಟರಿಂದಲೇ ತಿಳಿದೆನು.

ಇನ್ನು ಮುದ್ರಣದ ವಿಷಯ. ಯಂತ್ರದ ಕಾರ್ಯವನ್ನು ಕಾಲೇಜಿನಲ್ಲಿ ಓದುತ್ತಿರುವ ಅಕ್ಕನ ಮೊಮ್ಮಗಳು ವಹಿಸಿಕೊಂಡಳು. ಆಕೆ ಶಾಸ್ತ್ರೋಕ್ತವಾಗಿ ಕೋಣೆಯ ಬಾಗಿಲು ಹಾಕಿ, ಫ್ಯಾನು ನಿಲ್ಲಿಸಿ, ಗೋಡೆಗಳ ಮಾರ್ದನಿ ಅಡಗಲೆಂದು ಕಂಬಳಿಗಳನ್ನು ಇಳಿಬಿಟ್ಟು, ಅಜ್ಜಿಯನ್ನು ಕುರ್ಚಿಯಲ್ಲಿ ಕುಳ್ಳಿರಿಸಿದಳು. ಅಕ್ಕನು ಎರಡು ನುಡಿಗಳನ್ನು ಹೇಳಿ ತಟ್ಟನೆ ನಿಂತಳು.

“ಮುಂದೆ ಏನೋ ಇದೆ ಕಣೋ, ಬಾಯಿಗೆ ಬರ್ತಾ ಇಲ್ಲ” ಎಂದು ನನ್ನ ಮುಖವನ್ನು ನೋಡಿದಳು. ಆ ನೋಟದಲ್ಲಿದ್ದ ಭಯವನ್ನು ವರ್ಣಿಸಲಾರೆ. ಸ್ವಲ್ಪ ಹೊತ್ತಾದ ಮೇಲೆ, “ಹಸೆಯ ಮುಂದೆ ಹೇಳೋ ಹಾಡನ್ನ ಈ ಡಬ್ಬಿ ಮುಂದೆ ಹೇಳು ಅಂದರೆ ಹೇಗೆ ಬರತ್ತೆ?” ಎಂದು ತಾನೇ ನಕ್ಕಳು. ಮೂರು ದಿನ ಇದೇ ಪಾಡಾಯಿತು.

ನಾಲ್ಕನೆಯ ದಿನ ಮುಂಜಾನೆ ಹಿತ್ತಲ ಕಟ್ಟೆಯ ಮೇಲೆ ಅಕ್ಕನು ಮಲ್ಲಿಗೆಯನ್ನು ಕಟ್ಟುತ್ತ ಕುಳಿತಿದ್ದಳು. ಹೂವು ಹೂವಿಗೂ ಬೆರಳು ನಾರನ್ನು ಸುತ್ತಿ ಬಿಗಿಯುತ್ತಿತ್ತು. ಅದರ ಲಯಕ್ಕೆ ಸರಿಯಾಗಿ, ಹಿಂದಿನ ದಿನ ನಿಂತುಹೋಗಿದ್ದ ಹಾಡು ನಿರರ್ಗಳವಾಗಿ ಹರಿದುಬರುತ್ತಿತ್ತು! ಮೊಮ್ಮಗಳು ಬರಿಗಾಲಿನಲ್ಲಿ ಓಡಿಹೋಗಿ ಮೊಬೈಲನ್ನು ತಂದು ಮೊರದ ಮರೆಯಲ್ಲಿಟ್ಟಳು. ಮನಸ್ಸು ಮರೆತುದನ್ನು ಕೈಯು ಮರೆತಿರಲಿಲ್ಲ. ವೇದಪಾಠ ಮಾಡುವವರು ಕೈಯ ಚಲನೆಯೊಡನೆ ಉದಾತ್ತಾನುದಾತ್ತಗಳನ್ನು ಕಲಿಯುವುದನ್ನು ನಾನು ಬಾಲ್ಯದಿಂದ ನೋಡಿದ್ದೇನೆ. ಆದರೆ ಹೆಂಗಸರ ಹಾಡಿಗೂ ಅದೇ ನ್ಯಾಯವು ಸಲ್ಲುವುದೆಂದು ಅಂದು ಪ್ರತ್ಯಕ್ಷವಾಯಿತು.

ಅಲ್ಲಿಂದ ಮುಂದೆ ಕೋಣೆಯನ್ನು ಬಿಟ್ಟೆವು. ಹಾಡಿದ್ದಲ್ಲಿಗೆ ಯಂತ್ರವನ್ನೇ ಒಯ್ದೆವು. ಬತ್ತಿ ಹೊಸೆಯುವಾಗ ಆರತಿಯ ಹಾಡುಗಳು ಬಂದವು. ನೆರೆಮನೆಯ ಹೆಂಗಸರು ಸಂಡಿಗೆಯಿಡಲು ಮಾಳಿಗೆಯ ಮೇಲೆ ಸೇರಿದಾಗ ಬೀಗರ ಹಾಡುಗಳು ಒಂದರ ಹಿಂದೊಂದು ನಗೆಯೊಡನೆ ಬಂದವು. ಒಬ್ಬಳು ಮರೆತ ನುಡಿಯನ್ನು ಮತ್ತೊಬ್ಬಳು ಎತ್ತಿಕೊಡುವಳು. ಪಾಠದಲ್ಲಿ ಭೇದವಿದ್ದರೆ ಪಂಡಿತರ ಸಭೆಯನ್ನು ಮೀರಿಸುವ ವಾದವೂ ನಡೆಯುವುದು. ಮುದ್ರಣದಲ್ಲಿ ಕಾಗೆಯ ಕೂಗು, ತಪ್ಪಲೆಯ ಸದ್ದು, ಮಕ್ಕಳ ಅಳು ಎಲ್ಲವೂ ಸೇರಿವೆ. ಸೇರಿದರೆ ಸೇರಲಿ; ಆ ಹಾಡುಗಳು ಎಂದೂ ಅವುಗಳಿಂದ ಅಗಲಿದವಲ್ಲ.

ಗೌಹರ್ ಜಾನಳ ಪದ್ಧತಿಯನ್ನು ನಾನು ಹೇಳಿದ ಮೇಲೆ, ಪ್ರತಿ ಹಾಡಿನ ಕೊನೆಗೂ ಹೆಸರು ಹೇಳಬೇಕೆಂದು ಮೊಮ್ಮಗಳು ಹಠ ಹಿಡಿದಳು. “ನನ್ನ ಹೆಸರು ಯಾಕೆ? ಹಾಡು ಅಮ್ಮಂದು” ಎಂದು ಅಕ್ಕನು ಪ್ರತಿಸಲವೂ ನಮ್ಮ ತಾಯಿಯ ಹೆಸರನ್ನೇ ಹೇಳಿದಳು. ತೀರಿಕೊಂಡು ನಲವತ್ತು ವರ್ಷಗಳಾದ ನಮ್ಮ ತಾಯಿಯ ಹೆಸರು ಹೀಗೆ ಇಪ್ಪತ್ತೇಳು ಸಲ ಆ ಯಂತ್ರದಲ್ಲಿ ದಾಖಲಾಯಿತು.

ಇಪ್ಪತ್ತೆಂಟನೆಯದು ತೊಟ್ಟಿಲ ಹಾಡು. ಅದರ ಕಡೆಯ ನುಡಿಯು ಯಾವ ಉಪಾಯಕ್ಕೂ ಬರಲಿಲ್ಲ. ಹೂವು ಕಟ್ಟಿಸಿದೆವು, ಬತ್ತಿ ಹೊಸೆಯಿಸಿದೆವು, ಅಟ್ಟದಿಂದ ಹಳೆಯ ತೊಟ್ಟಿಲನ್ನು ಇಳಿಸಿ, ನೆರೆಮನೆಯ ಮಗುವನ್ನು ಮಲಗಿಸಿ ತೂಗಿಸಿದೆವು. ಮಗು ನಿದ್ರೆಹೋಯಿತು, ನುಡಿ ಮಾತ್ರ ಬರಲಿಲ್ಲ. ಊರಿನ ವೃದ್ಧೆಯರಲ್ಲಿ ಯಾರೂ ಅದನ್ನು ಅರಿಯರು. ಅಕ್ಕನು ಧಾಟಿಯನ್ನು ಮಾತ್ರ ಬಾಯಿ ಮುಚ್ಚಿ ಗುನುಗಿದಳು. ಅದನ್ನು ಹಾಗೆಯೇ ಮುದ್ರಿಸಿದೆವು. ನಾನು ಸಂಸ್ಕೃತ ಬಲ್ಲವನೆಂದೂ ಒಂದು ನುಡಿಯನ್ನು ರಚಿಸಿ ಸೇರಿಸಬಹುದೆಂದೂ ಪೋಸ್ಟ್‌ಮಾಸ್ಟರು ಸೂಚಿಸಿದರು. ನಾನು ಒಪ್ಪಲಿಲ್ಲ. ಜೀರ್ಣವಾದ ತಾಳೆಗರಿಯಲ್ಲಿ ಹುಳು ತಿಂದ ಕಡೆ ಚುಕ್ಕೆಯಿಡುವುದು ಸಂಪಾದಕನ ಧರ್ಮ; ತನ್ನ ಕವಿತೆಯನ್ನು ತುಂಬುವುದಲ್ಲ.

ಗೃಹಸ್ಥರಾದ ವಾಚಕರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ಪ್ರತಿಯೊಂದು ಮನೆಯಲ್ಲಿಯೂ ಇಂತಹ ಭಂಡಾರವನ್ನು ಹೊತ್ತ ಒಬ್ಬ ಅಜ್ಜಿಯೋ ಸೋದರತ್ತೆಯೋ ಇರುವುದುಂಟು. ಹಬ್ಬಕ್ಕೆ ಹೋದಾಗ ಆಕೆ ಕೆಲಸದಲ್ಲಿ ತೊಡಗಿರುವಾಗಲೇ ಯಂತ್ರವನ್ನು ಹತ್ತಿರವಿಡಿರಿ. ಹಾಡಿದವರ ಹೆಸರು, ಕಲಿಸಿದವರ ಹೆಸರು, ಊರು, ತಾರೀಖು ಇವುಗಳನ್ನು ಮುದ್ರಣದಲ್ಲಿಯೇ ಹೇಳಿಸಿರಿ. ಯಂತ್ರಗಳು ಕೆಡುವುವು, ಕಳೆಯುವುವು. ಆದುದರಿಂದ ಎರಡು ಪ್ರತಿಗಳನ್ನು ಎರಡು ಮನೆಗಳಲ್ಲಿಡಿರಿ. ಸಾಹಿತ್ಯವನ್ನು ಕಾಗದದಲ್ಲಿಯೂ ಬರೆಯಿರಿ. ಎಲ್ಲಕ್ಕಿಂತ ಮಿಗಿಲಾಗಿ, ಎಳೆಯರೊಬ್ಬರು ಅದನ್ನು ಬಾಯಿಪಾಠ ಮಾಡಿ ಹಿರಿಯರ ಮುಂದೆ ಒಪ್ಪಿಸಲಿ. ಯಂತ್ರವು ತಪ್ಪನ್ನು ತಿದ್ದಲಾರದು.

ನಾನು ಹೊರಡುವ ಹಿಂದಿನ ಸಂಜೆ ಮೊಮ್ಮಗಳು ಆ ತೊಟ್ಟಿಲ ಹಾಡನ್ನು ಕೂಟದಲ್ಲಿ ಹೇಳಿದಳು. ಕಡೆಯ ನುಡಿಗೆ ಬಂದಾಗ ಆಕೆಯೂ ಅಜ್ಜಿಯಂತೆ ಬಾಯಿ ಮುಚ್ಚಿ ಧಾಟಿಯನ್ನು ಮಾತ್ರ ಗುನುಗಿದಳು. ಅಕ್ಕನು ಕೈಸನ್ನೆಯಿಂದ ತಡೆದು, “ಅಲ್ಲಿ ಅಷ್ಟು ಬೇಗ ಮುಗಿಸಬಾರದು ಕಣೇ, ಮಗು ಇನ್ನೂ ಮಲಗಿಲ್ಲ. ಇನ್ನೊಂದು ಸಲ ಹೇಳು” ಎಂದಳು.