ಮೈಡಾ ವೇಲ್‌ನ ಸದ್ದಿನ ಕಮ್ಮಟ

ಲಂಡನ್ನಿನ ನೆಲದಡಿಯ ರೈಲಿನಲ್ಲಿ ವಾರ್ವಿಕ್ ಅವೆನ್ಯೂ ನಿಲ್ದಾಣಕ್ಕೆ ಬಂದಿಳಿದು ಒಂದಿಷ್ಟು ನಡೆದರೆ ಡೆಲವೇರ್ ರಸ್ತೆ. ಎತ್ತರದ ಇಟ್ಟಿಗೆ ಮನೆಗಳ ಮಗ್ಗುಲಲ್ಲಿ ಬಿಳಿ ಬಣ್ಣ ಬಳಿದುಕೊಂಡು, ತಗ್ಗಾಗಿ, ಉದ್ದಕ್ಕೆ ಚಾಚಿಕೊಂಡ ಒಂದು ಕಟ್ಟಡವಿದೆ. ಗೋದಾಮೇನೋ ಎಂದು ದಾಟಿ ಹೋಗುವವರೇ ಹೆಚ್ಚು. 1909ರಲ್ಲಿ ಇದು ಗಾಲಿ ಬೂಟು ತೊಟ್ಟು ಜಾರುವವರ ವಿನೋದದ ಅಂಗಳವಾಗಿ ಆರಂಭವಾಯಿತು. 1930ರ ದಶಕದಲ್ಲಿ ಬಿಬಿಸಿ ಅದನ್ನು ಮೈಡಾ ವೇಲ್ ಸ್ಟುಡಿಯೋ ಆಗಿ ಮಾರ್ಪಡಿಸಿತು. ದೊಡ್ಡ ಹಾಲಿನಲ್ಲಿ ಸಿಂಫನಿ ವಾದ್ಯವೃಂದದ ತಾಲೀಮು. ಆದರೆ ಉದ್ದನೆಯ ಕಾರಿಡಾರಿನ ಪಕ್ಕದ ಕೆಲವು ಕೋಣೆಗಳಲ್ಲಿ 1958ರಿಂದ 1998ರವರೆಗೆ ನಡೆದದ್ದು ಬೇರೆಯದೇ ಕೆಲಸ. ಅದರ ಹೆಸರು ರೇಡಿಯೋಫೋನಿಕ್ ವರ್ಕ್‌ಶಾಪ್. ನಾಟಕಗಳಿಗೆ ಯಾರೂ ಕೇಳಿರದ ಸದ್ದುಗಳನ್ನು ಹುಟ್ಟಿಸಿಕೊಡುವುದು ಅಲ್ಲಿಯವರ ಕಸುಬು.

1963ರಲ್ಲಿ ಅವರಿಗೊಂದು ಹೊಸ ಬೇಡಿಕೆ ಬಂತು. ಪೊಲೀಸ್ ಟೆಲಿಫೋನ್ ಪೆಟ್ಟಿಗೆಯಲ್ಲಿ ಕುಳಿತು ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಸಂಚರಿಸುವ ಒಬ್ಬ ವಿಚಿತ್ರ ಮುದುಕನ ಧಾರಾವಾಹಿ, 'ಡಾಕ್ಟರ್ ಹೂ'. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್‌ಗೆ 27 ವರ್ಷ. ಮೊದಲ ಕಂತುಗಳ ನಿರ್ದೇಶಕ ವಾರಿಸ್ ಹುಸೇನ್ ನಮ್ಮ ಲಖನೌನಲ್ಲಿ ಹುಟ್ಟಿದವರು. ಅವರಿಗಿನ್ನೂ 25 ತುಂಬಿರಲಿಲ್ಲ. ಚಿತ್ರೀಕರಣ ನಡೆದದ್ದು ಲೈಮ್ ಗ್ರೋವ್ ಎಂಬಲ್ಲಿನ ಇಕ್ಕಟ್ಟಾದ ಹಳೆಯ ಸ್ಟುಡಿಯೋದಲ್ಲಿ. ಆ ಕಟ್ಟಡ 1990ರ ದಶಕದಲ್ಲಿ ನೆಲಸಮವಾಯಿತು. ಮೈಡಾ ವೇಲ್ ಉಳಿದಿದೆ.

ಶೀರ್ಷಿಕೆ ಸಂಗೀತವನ್ನು ಬರೆದುಕೊಟ್ಟವರು ಆಸ್ಟ್ರೇಲಿಯಾ ಮೂಲದ ರಾನ್ ಗ್ರೇನರ್. ಬರೆದದ್ದು ಒಂದೇ ಹಾಳೆ. ಅದರಲ್ಲಿ ಸ್ವರಗಳ ಜತೆಗೆ ಗಾಳಿ, ಗುಳ್ಳೆ ಎಂಬಂಥ ಸೂಚನೆಗಳು! ಗಾಳಿಯನ್ನು ನುಡಿಸುವುದು ಹೇಗೆ? ಆ ಹಾಳೆ 26 ವರ್ಷದ ಡೆಲಿಯಾ ಡರ್ಬಿಶೈರ್ ಕೈ ಸೇರಿತು.

ಡೆಲಿಯಾ ಕೊವೆಂಟ್ರಿ ಪಟ್ಟಣದ ಹುಡುಗಿ. 1940ರಲ್ಲಿ ಜರ್ಮನ್ ಬಾಂಬುಗಳು ಆ ಊರನ್ನು ಸುಟ್ಟಾಗ ಮೂರು ವರ್ಷದ ಕೂಸು. ಅಪಾಯದ ಸೈರನ್ ಊಳಿಟ್ಟದ್ದೇ ತಾನು ಕೇಳಿದ ಮೊದಲ ಎಲೆಕ್ಟ್ರಾನಿಕ್ ಸಂಗೀತ ಎಂಬರ್ಥದ ಮಾತನ್ನು ಆಕೆ ಮುಂದೆ ಆಡಿದ್ದುಂಟು. ಕೇಂಬ್ರಿಜ್‌ನಲ್ಲಿ ಓದಿದ್ದು ಗಣಿತ ಮತ್ತು ಸಂಗೀತ. ಪದವಿ ಮುಗಿಸಿ ಡೆಕ್ಕಾ ಕಂಪೆನಿಗೆ ಹೋದರೆ, ಧ್ವನಿಮುದ್ರಣ ಕೋಣೆಗೆ ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲ ಎಂಬ ಉತ್ತರ ಸಿಕ್ಕಿತು. ಆಕೆ ಬಿಬಿಸಿ ಸೇರಿ, 1962ರಲ್ಲಿ ಈ ಕಮ್ಮಟಕ್ಕೆ ಬಂದಳು.

ಆಗ ಸಿಂಥಸೈಜರ್ ಮಾರುಕಟ್ಟೆಗೇ ಬಂದಿರಲಿಲ್ಲ. ಇದ್ದದ್ದು ಯಂತ್ರ ಪರೀಕ್ಷೆಗೆಂದು ಮಾಡಿದ ಆಸಿಲೇಟರುಗಳು, ಟೇಪ್ ರೆಕಾರ್ಡರುಗಳು ಮತ್ತು ಬ್ಲೇಡು. ಒಂಟಿ ತಂತಿಯೊಂದನ್ನು ಮೀಟಿದ ಸದ್ದು ಟೇಪಿಗೆ ಇಳಿಯಿತು. ಟೇಪಿನ ವೇಗ ಇಮ್ಮಡಿಯಾದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಮಧ್ಯ ಷಡ್ಜ ತಾರ ಷಡ್ಜವಾಗುತ್ತದೆ. ನಡುವಿನ ಸ್ವರಗಳಿಗೆ ನಡುವಿನ ವೇಗ. ಇನ್ನು ತಾಳ. ಟೇಪು ಸೆಕೆಂಡಿಗೆ 15 ಅಂಗುಲ ಓಡುವುದಾದರೆ ಅರ್ಧ ಸೆಕೆಂಡಿನ ಸ್ವರಕ್ಕೆ ಏಳೂವರೆ ಅಂಗುಲದ ತುಂಡು, ಕಾಲು ಸೆಕೆಂಡಿಗೆ ಅದರ ಅರ್ಧ. ಅಳೆದು, ಕತ್ತರಿಸಿ, ಒಂದಕ್ಕೊಂದು ಅಂಟಿಸಬೇಕು. ತುಂಡಾದ ಕ್ಯಾಸೆಟ್ ಟೇಪನ್ನು ಅಂಟಿಸಿ ಗೊತ್ತಿರುವ ಅಪ್ಪ-ಅಮ್ಮಂದಿರಿಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಹಾಡಿನ ಒಂದೊಂದು ಸ್ವರವೂ ಹೀಗೇ ತಯಾರಾಯಿತು.

ಹಲವು ಪದರಗಳನ್ನು ಒಟ್ಟಿಗೆ ಹಿಡಿಯುವ ಯಂತ್ರವೂ ಇರಲಿಲ್ಲ. ಬೇರೆ ಬೇರೆ ಟೇಪುಗಳನ್ನು ಬೇರೆ ಬೇರೆ ಯಂತ್ರಗಳಿಗೆ ಹಾಕಿ, ಒಂದೇ ಗಳಿಗೆಯಲ್ಲಿ ಗುಂಡಿ ಒತ್ತಬೇಕು. ಒಮ್ಮೆ ಎಲ್ಲೋ ಒಂದು ಕಡೆ ತಾಳ ತಪ್ಪುತ್ತಿತ್ತು. ಎಷ್ಟು ಕೇಳಿದರೂ ಜಾಗ ಸಿಗದು. ಕೊನೆಗೆ ಡೆಲಿಯಾ ಮತ್ತು ಸಹಾಯಕ ಡಿಕ್ ಮಿಲ್ಸ್ ಆ ಟೇಪುಗಳನ್ನು ಮೈಡಾ ವೇಲ್‌ನ ಕಾರಿಡಾರಿನುದ್ದಕ್ಕೂ ಅಕ್ಕಪಕ್ಕ ಬಿಚ್ಚಿ ಹಾಸಿದರು. ಅಂಟಿಸಿದ ಗುರುತುಗಳನ್ನು ನೋಡುತ್ತ ನಡೆದರು. ಉಳಿದವು ಸಾಲಾಗಿರುವಾಗ ಒಂದು ಗುರುತು ಮಾತ್ರ ಸಾಲು ತಪ್ಪಿತ್ತು. ಕಿವಿಗೆ ಸಿಗದ ತಪ್ಪು ಕಣ್ಣಿಗೆ ಸಿಕ್ಕಿತು!

ಪೆಟ್ಟಿಗೆ ಮಾಯವಾಗುವಾಗಿನ ಆ ಏದುಸಿರಿನಂಥ ಸದ್ದು ಮಾಡಿದವರು ಸಹೋದ್ಯೋಗಿ ಬ್ರಯಾನ್ ಹಾಡ್ಜ್‌ಸನ್. ಅಮ್ಮನ ಮನೆಯ ಬೀಗದ ಕೈಯಿಂದ ಹಳೆಯ ಪಿಯಾನೋದ ತಂತಿಯನ್ನು ಗೀರಿದ್ದು, ಅಷ್ಟೆ.

ಮುಗಿದ ಸಂಗೀತವನ್ನು ಕೇಳಿ ಗ್ರೇನರ್ ಬೆರಗಾದರು. ಇದನ್ನು ಬರೆದದ್ದು ನಾನೇನಾ ಎಂದು ಕೇಳಿದರಂತೆ. ಬಹುಪಾಲು ನೀವೇ ಎಂದಳಂತೆ ಡೆಲಿಯಾ. ಗೌರವಧನದಲ್ಲಿ ಆಕೆಗೂ ಪಾಲು ಕೊಡಬೇಕೆಂದು ಗ್ರೇನರ್ ಬಯಸಿದರು. ದೊಡ್ಡ ಮನಸ್ಸು. ಬಿಬಿಸಿಯ ನಿಯಮ ಒಪ್ಪಲಿಲ್ಲ: ಸಂಬಳದ ನೌಕರರಿಗೆ ಬೇರೆ ಪಾಲೆಲ್ಲಿ? ಮೊದಲ ಕಂತು ಪ್ರಸಾರವಾದದ್ದು 1963ರ ನವೆಂಬರ್ 23ರಂದು, ಅಮೆರಿಕದ ಅಧ್ಯಕ್ಷ ಕೆನಡಿ ಕೊಲೆಯಾದ ಮರುದಿನ. ತೆರೆಯ ಮೇಲೆ ಗ್ರೇನರ್ ಹೆಸರಿತ್ತು, ಕಮ್ಮಟದ ಹೆಸರಿತ್ತು. ಸ್ವರ ಸ್ವರವನ್ನೂ ಕತ್ತರಿಸಿ ಜೋಡಿಸಿದವಳ ಹೆಸರಿರಲಿಲ್ಲ. ನಿಯಮಗಳು ಕುರುಡು ಎನ್ನುವುದು ಸರಿ. ಇಲ್ಲಿ ಕಿವುಡೂ ಆಗಿದ್ದವು.

ಡೆಲಿಯಾ 1973ರಲ್ಲಿ ಬಿಬಿಸಿ ಬಿಟ್ಟಳು. 2001ರಲ್ಲಿ, 64ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಧಾರಾವಾಹಿಯ 50ನೇ ವರ್ಷದ ವಿಶೇಷ ಕಂತಿನಲ್ಲಿ, 2013ರಲ್ಲಿ, ಆಕೆಯ ಹೆಸರು ತೆರೆಯ ಮೇಲೆ ಬಂತು. 2017ರಲ್ಲಿ ಕೊವೆಂಟ್ರಿ ವಿಶ್ವವಿದ್ಯಾಲಯ ಮರಣೋತ್ತರವಾಗಿ ಗೌರವ ಡಾಕ್ಟರೇಟ್ ಕೊಟ್ಟಿತು. ಸಾವಿನ ನಂತರ ಆಕೆಯ ಮನೆಯ ಅಟ್ಟದ ಮೇಲೆ, ಬೆಳಗಿನ ತಿಂಡಿಯ ರಟ್ಟಿನ ಡಬ್ಬಗಳಲ್ಲಿ ತುಂಬಿಟ್ಟ 267 ಟೇಪು ಸುರುಳಿಗಳು ಸಿಕ್ಕಿದ್ದವು. ಅವೀಗ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ.

ಡೆಲವೇರ್ ರಸ್ತೆಯ ಕಟ್ಟಡವನ್ನು ಬಿಬಿಸಿ 2023ರಲ್ಲಿ ಮಾರಿತು. ಕೊಂಡವರಲ್ಲಿ ಒಬ್ಬರು ಸಿನಿಮಾ ಸಂಗೀತ ನಿರ್ದೇಶಕ ಹಾನ್ಸ್ ಜಿಮ್ಮರ್. ಅಲ್ಲಿ ಸಂಗೀತದ ಕೆಲಸವನ್ನೇ ಮುಂದುವರಿಸುವುದಾಗಿ ಕೊಂಡವರು ಹೇಳಿದ್ದಾರೆ.