ಐದು ಗಂಟೆವರೆಗೂ ಕರೆಂಟ್ ಐತೆ

ಸಂಜೆ ನಾಲ್ಕೂವರೆ. ರಾಂಪುರದ ಬಳ್ಳಾರಿ ರಸ್ತೆ ಪಕ್ಕದ ಜೆರಾಕ್ಸ್ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೀರಿ. ಲಾರಿ ಹೋದಾಗಲೆಲ್ಲ ಗಾಜಿನ ಬಾಗಿಲು ಗಡಗಡ ಅನ್ನುತ್ತದೆ. ಮೇಜಿನ ಮೇಲೆ ಪಕ್ಕದ ತಗಡು ಬಿಚ್ಚಿದ ಕಂಪ್ಯೂಟರ್. ಫ್ಯಾನಿನ ರೆಕ್ಕೆಗೆ ಕೆಂಧೂಳು ಮೆತ್ತಿದೆ. ಪಹಣಿ ತೆಗೆಸಲು ಬಂದ ಅಜ್ಜ ನಿಮ್ಮ ಪಕ್ಕದಲ್ಲೇ ಮಂಡಕ್ಕಿ ಪೊಟ್ಟಣ ಬಿಚ್ಚಿಕೊಂಡಿದ್ದಾರೆ.

ಅಂಗಡಿಯಣ್ಣ ಲೈನ್‌ಮನ್‌ಗೆ ಫೋನು ಹಚ್ಚಿದ್ದಾರೆ. "ಅಣ್ಣಾ, ಈಗೇನು ತೆಗಿಯಲ್ಲ ತಾನೆ?"

"ಐದು ಗಂಟೆವರೆಗೂ ಐತೆ, ಮಾಡ್ಕೋ."

ಆ ಮಾತಿನ ಮೇಲೆಯೇ ಎಲ್ಲ ನಿಂತಿದೆ. ಬೋರ್ಡಿನ ಮೂಲೆಯಲ್ಲಿ ಎಂಟು ಕಾಲಿನ ಒಂದು ಚಿಪ್, ಶೇಂಗಾ ಹೋಳಿಗಿಂತ ದೊಡ್ಡದೇನಲ್ಲ. ವಿಂಡೋಸ್ ಏಳುವ ಮೊದಲು ಏಳುವ ಬಯಾಸ್ ಇರುವುದು ಅದರೊಳಗೆ. ಅದನ್ನು ಅಳಿಸಿ ಹೊಸದು ಬರೆಯುವ ನಡುವೆ ಕರೆಂಟು ಹೋದರೆ ಬೋರ್ಡಿಗೆ ತನ್ನನ್ನು ತಾನು ಎಬ್ಬಿಸಿಕೊಳ್ಳುವುದೇ ಮರೆತುಹೋಗುತ್ತದೆ. 1999ರ ಏಪ್ರಿಲ್ 26ರಂದು ಸಿಐಎಚ್ ಎಂಬ ವೈರಸ್ ಲೋಕದ ಎಷ್ಟೋ ಕಂಪ್ಯೂಟರುಗಳಿಗೆ ಮಾಡಿದ್ದು ಇದನ್ನೇ: ಚಿಪ್ಪಿನ ಮೇಲೆ ಕಸ ಬರೆದು ಕೂರಿಸಿತು.

ಸುಮ್ಮನಿದ್ದ ಬಯಾಸನ್ನು ಕೆದಕಬಾರದು, ನಿಜ. ಆದರೆ ಇವರಿಗೆ ಕಾರಣವಿದೆ. ಎ320 ಬೋರ್ಡು, ಅದರಲ್ಲಿ ರೈಜೆನ್ 3 2200ಜಿ ಪ್ರೊಸೆಸರ್. ಲಗ್ನಪತ್ರಿಕೆಯ ಫೈಲು ತೆರೆಯುವಷ್ಟರಲ್ಲಿ ಟೀ ಕುಡಿದು ಬರಬಹುದು. ಬಳ್ಳಾರಿಯಿಂದ ರೈಜೆನ್ 5 5600ಜಿ ತಂದಿದ್ದಾರೆ. ಹಳೇ ಬಯಾಸ್‌ಗೆ ಅದರ ಗುರುತೇ ಇಲ್ಲ. ಹಾಗೇ ಕೂರಿಸಿದರೆ ಪರದೆ ಬೆಳಗುವುದಿಲ್ಲ. ಹಳಬ ಕುರ್ಚಿಯಲ್ಲಿರುವಾಗಲೇ ಹೊಸಬನ ಪರಿಚಯ ಮಾಡಿಸಬೇಕು.

ಬೋರ್ಡಿನ ಮೇಲೆ ಅಚ್ಚಾದ ಮಾಡೆಲ್, ರೆವಿಷನ್ ಎರಡನ್ನೂ ಟಾರ್ಚು ಬಿಟ್ಟು ಓದಿ, ಕಂಪನಿಯ ತಾಣದಿಂದ ಇಳಿಸಿದ ಫೈಲಿನ ಜೊತೆ ತಾಳೆ ನೋಡುತ್ತಾರೆ. ಜಿಪ್ ಬಿಚ್ಚಿ 64 ಜಿಬಿ ಪೆನ್‌ಡ್ರೈವಿಗೆ ಹಾಕಿ, ಡಿಲೀಟ್ ಕೀ ಒತ್ತುತ್ತ ಬಯಾಸ್ ಒಳಗೆ ಇಳಿಯುತ್ತಾರೆ. ಗಿಗಾಬೈಟ್‌ನಲ್ಲಿ ಕ್ಯೂ-ಫ್ಲಾಶ್, ಆಸುಸ್‌ನಲ್ಲಿ ಇಝಡ್ ಫ್ಲಾಶ್, ಎಂಎಸ್‌ಐನಲ್ಲಿ ಎಂ-ಫ್ಲಾಶ್. ಹೆಸರು ಬೇರೆ, ಕೆಲಸ ಒಂದೇ.

ಪೆನ್‌ಡ್ರೈವೇ ಕಾಣುತ್ತಿಲ್ಲ.

"ಎಕ್ಸ್‌ಫ್ಯಾಟ್ ಐತೆ ಇದು," ಎಂದು ಹಣೆ ಒರೆಸಿಕೊಳ್ಳುತ್ತಾರೆ. ಬೋರ್ಡಿಗೆ ಓದಲು ಬರುವುದು ಫ್ಯಾಟ್32. ವಿಂಡೋಸ್‌ನ ಫಾರ್ಮ್ಯಾಟ್ ಕಿಟಕಿಯೋ 32 ಜಿಬಿ ದಾಟಿದ ಡ್ರೈವಿಗೆ ಆ ಆಯ್ಕೆಯನ್ನೇ ತೋರಿಸದು. ಡ್ರಾಯರ್ ತಡಕಿ ತುದಿ ಒಡೆದ 8 ಜಿಬಿಯದೊಂದು ಹುಡುಕಿ ತೆಗೆಯುತ್ತಾರೆ. ತುಂಬ ಡೊಳ್ಳಿನ ಹಾಡು. ಅವನ್ನೆಲ್ಲ ಬೇರೆ ಕಡೆ ಇಳಿಸಿ ಫಾರ್ಮ್ಯಾಟ್ ಮಾಡುವಷ್ಟರಲ್ಲಿ ನಾಲ್ಕು ನಲವತ್ತೈದು.

ಜೆರಾಕ್ಸ್ ಮಿಷನ್ನಿನ ವೈರನ್ನು ಯುಪಿಎಸ್‌ನಿಂದ ಕಿತ್ತು ಗೋಡೆಯ ಪ್ಲಗ್ಗಿಗೆ ಹಾಕುತ್ತಾರೆ. ಇದ್ದಷ್ಟು ಬ್ಯಾಟರಿ ಕಂಪ್ಯೂಟರಿಗೇ ಇರಲಿ. ಈಗ ಫೈಲು ಕಾಣುತ್ತದೆ. ಎಂಟರ್.

ಅಳಿಸುತ್ತಿದೆ, ಬರೆಯುತ್ತಿದೆ, ಸರಿನೋಡುತ್ತಿದೆ. ಪಟ್ಟಿ ತೆವಳುತ್ತದೆ. ಅಂಗಡಿಯಣ್ಣ ಕೈಗಳೆರಡನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದಾರೆ. ಮೇಜಿಗೆ ಮೊಣಕೈ ಊರಲು ಹೋದ ನಿಮ್ಮನ್ನು ಕಣ್ಣಲ್ಲೇ ತಡೆಯುತ್ತಾರೆ. ನೂರು. ಪರದೆ ಆರುತ್ತದೆ.

ಆರಿದ್ದು ಹತ್ತುವುದಿಲ್ಲ. ಫ್ಯಾನು ತಿರುಗಿ ನಿಲ್ಲುತ್ತದೆ, ಮತ್ತೆ ತಿರುಗುತ್ತದೆ. ಹೊಸ ಬಯಾಸ್ ರ‍್ಯಾಮನ್ನು ಮೊದಲಿನಿಂದ ಅಳೆದು ನೋಡುವ ಹೊತ್ತಿದು. ಗೊತ್ತಿಲ್ಲದವರು ಗಾಬರಿಬಿದ್ದು ಸ್ವಿಚ್ ಆರಿಸುವುದೂ ಇಲ್ಲೇ. ಅಣ್ಣನ ಬೆರಳು ಒಮ್ಮೆ ಸ್ವಿಚ್ಚಿನವರೆಗೆ ಹೋಗಿ ಹಿಂದಕ್ಕೆ ಬರುತ್ತದೆ.

ಕಂಪನಿಯ ಚಿಹ್ನೆ ಮೂಡುತ್ತದೆ. ಸೆಟಿಂಗ್ ಎಲ್ಲ ಮೊದಲಿನ ಸ್ಥಿತಿಗೆ ಹೋಗಿದೆ. ಬೂಟ್ ಸಾಲಿನಲ್ಲಿ ಹಾರ್ಡ್ ಡಿಸ್ಕನ್ನು ಮತ್ತೆ ಮೇಲಕ್ಕೆ ಏರಿಸಿ ಎಫ್10 ಒತ್ತುತ್ತಾರೆ. ವಿಂಡೋಸ್ ಬರುತ್ತದೆ.

"ಹೊಸಾದು ಕೂರಿಸಲ್ವೇನಪ್ಪಾ?" ಅಜ್ಜನ ಪ್ರಶ್ನೆ.

"ನಾಳೆ ನೋಡನ ತಾತ. ಸರ್ವೆ ನಂಬರ್ ಹೇಳು."