ಪಾಠಯೋಜನೆಯ ಕೊನೆಯ ಅಂಕಣ

ಬಿ.ಎಡ್. ತರಬೇತಿಯಲ್ಲಿ ನಮಗೆ ಮೊದಲು ಕಲಿಸಿದ್ದು ಪಾಠಯೋಜನೆ ಬರೆಯುವುದನ್ನು. ಅದರ ಕೊನೆಯ ಅಂಕಣ ಮೌಲ್ಯಮಾಪನ. ಮಕ್ಕಳಿಗೆ ಪಾಠ ತಿಳಿಯದಿದ್ದರೆ ಯೋಜನೆಯನ್ನೇ ತಿದ್ದಿಕೊಂಡು ಮರುದಿನ ತರಗತಿಗೆ ಬರಬೇಕು. ಕಡೂರು, ಅಜ್ಜಂಪುರದ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮುಂಗಾರು ಕೈಕೊಟ್ಟರೆ ರಾಗಿಯ ಹೊಲಕ್ಕೆ ಹುರುಳಿ ಚೆಲ್ಲುವವರು ಅವರು.

ಕಲಹಪೀಡಿತ ದೇಶಗಳಲ್ಲಿ ನೆರವು ನೀಡುವ ಸಂಸ್ಥೆಗಳು ಈಗ ಇದನ್ನೇ ‘ಹೊಂದಾಣಿಕೆಯ ನಿರ್ವಹಣೆ’ ಎನ್ನುತ್ತವೆ. ಜನರ ಮಾತನ್ನು ಕೇಳಿ, ಅನುಭವದಿಂದ ಕಲಿತು, ಯೋಜನೆಯನ್ನು ನಡುದಾರಿಯಲ್ಲಿಯೇ ತಿದ್ದುತ್ತ ಸಾಗುವುದು ಅದರ ಸಾರ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿ.

1974ರಲ್ಲಿ ಭದ್ರಾ ಅಭಯಾರಣ್ಯ ಘೋಷಣೆಯಾಯಿತು. 1998ರಲ್ಲಿ ಅದು ಹುಲಿ ಯೋಜನೆಗೆ ಸೇರಿತು. ಕಾಡಿನೊಳಗಿದ್ದ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ಬಹುಕಾಲದ ಮಾತುಕತೆಯ ಬಳಿಕ, 2001–02ರ ವೇಳೆಗೆ, ಹೊರಬಂದವು. ಹೆಚ್ಚಿನವರು ಎಂ.ಸಿ. ಹಳ್ಳಿಗೆ, ಉಳಿದವರು ಕಾಫಿ ಸೀಮೆಯ ಕೆಳಗೂರಿಗೆ ಹೋದರು. ಬರಿಯ ಹಣವನ್ನಲ್ಲ, ಉಳುವ ಭೂಮಿಯನ್ನೂ ಅವರಿಗೆ ಕೊಡಲಾಯಿತು. ಮುಂದೆ ಸಂಶೋಧಕಿ ಕೃತಿ ಕಾರಂತರು ಆ ಕುಟುಂಬಗಳನ್ನು ಕಂಡು ಸ್ಥಿತಿಗತಿಯನ್ನು ವಿಚಾರಿಸಿ, 2007ರಲ್ಲಿ ಪ್ರಬಂಧ ಪ್ರಕಟಿಸಿದರು. ಬಹುಪಾಲು ಜನ ತೃಪ್ತಿ ಸೂಚಿಸಿದ್ದರು. ಕುಂದುಕೊರತೆಗಳೂ ಅದರಲ್ಲಿ ದಾಖಲಾದವು.

ಇದೇ ಜಿಲ್ಲೆಯ ಕುದುರೆಮುಖ ಪ್ರದೇಶದಲ್ಲಿ ಕಥೆ ಬೇರೆಯಾಯಿತು. ಒಕ್ಕಲೆಬ್ಬಿಸುವರೆಂಬ ಭಯವು ಅಲ್ಲಿ ನಕ್ಸಲರು ನೆಲೆಯೂರಲು ಒಂದು ಕಾರಣವಾಯಿತು. 2005ರ ಫೆಬ್ರವರಿಯಲ್ಲಿ ಸಾಕೇತ್ ರಾಜನ್ ಗುಂಡಿಗೆ ಬಲಿಯಾದರು. ಮಲೆನಾಡಿನ ಆರು ಮಂದಿ ನಕ್ಸಲರು ಶರಣಾಗುವ ಹೊತ್ತಿಗೆ 2025ರ ಜನವರಿ ಬಂದಿತ್ತು. ಜನರ ಮಾತಿಗೆ ಕಿವಿಗೊಡದ ಯೋಜನೆಯ ಬೆಲೆಯನ್ನು ಎರಡು ದಶಕಗಳ ಕಾಲ ಎಲ್ಲರೂ ತೆರಬೇಕಾಯಿತು.

ಇನ್ನು ನನ್ನದೇ ಒಂದು ತಪ್ಪನ್ನು ಹೇಳಬೇಕು. ಆ ಕಾಲದಲ್ಲಿ ಕಾಡಿನ ಹಳ್ಳಿಯಿಂದ ಬಂದ ಹುಡುಗನೊಬ್ಬ ನನ್ನ ತರಗತಿಗೆ ಸೇರಿದ್ದ. ವಾರಕ್ಕೆರಡು ದಿನ ಗೈರುಹಾಜರು. ಎಲ್ಲರೆದುರು ಗದರಿಸಿ, ಬೆಂಚಿನ ಮೇಲೆ ನಿಲ್ಲಿಸಿದೆ. ತಿಂಗಳ ನಂತರ ಮನೆಗೆ ಹೋಗಿ ನೋಡಿದರೆ ಅವನು ತಂದೆಯ ಜೊತೆ ಹೊಸ ಮನೆಯ ಗೋಡೆಗೆ ಮಣ್ಣು ಕಲಸುತ್ತಿದ್ದ.

“ಯಾಕೆ ಹೇಳಲಿಲ್ಲವೋ?” ಎಂದೆ.

“ನೀವು ಕೇಳಲೇ ಇಲ್ಲವಲ್ಲ ಸಾರ್,” ಎಂದ.

ಆ ಮನೆ ಎದ್ದು ನಿಲ್ಲುವ ತನಕ ತಪ್ಪಿದ ಪಾಠಗಳನ್ನು ಸಂಜೆ ಹೇಳಿಕೊಟ್ಟೆ. ಅವನು ಹತ್ತನೆಯ ತರಗತಿ ಪಾಸಾದ. ನನ್ನ ಹಳೆಯ ಟಿಪ್ಪಣಿ ಪುಸ್ತಕ ಇಂದಿಗೂ ನನ್ನ ಬಳಿಯಿದೆ. ಆ ತಿಂಗಳ ಪುಟಗಳಲ್ಲಿ ಮೌಲ್ಯಮಾಪನದ ಅಂಕಣ ಖಾಲಿಯಾಗಿಯೇ ಉಳಿದಿದೆ.